ವಕೀಲೆ ಆಗಬಹುದು, ಪೌರೋಹಿತ್ಯ ಮಾತ್ರ ಇಲ್ಲ: ಇದೆಂಥ ಲೆಕ್ಕ?

ಪ್ರಶ್ನೆ: ಗಂಡನ ಕೆಲಸಕ್ಕಾಗಿ ಅಮೆರಿಕದ ಯೂಟಾಕ್ಕೆ ಬಂದಿದ್ದೇವೆ. ಪಕ್ಕದ ಮನೆಯವರು ಮಾರ್ಮನ್ನರು, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಮನೆಯಾಕೆ ವಕೀಲೆ. ಮಗಳು ಮಿಷನರಿಯಾಗಿ ಹೊರದೇಶದಲ್ಲಿದ್ದಾಳೆ. ಆದರೆ ಅವರ ಚರ್ಚಿನಲ್ಲಿ ಪೌರೋಹಿತ್ಯ ಗಂಡಸರಿಗೆ ಮಾತ್ರ. ಆಕೆಗೆ ಅದರ ಬಗ್ಗೆ ಬೇಜಾರೂ ಇಲ್ಲವಂತೆ. ನನಗೆ ಅರ್ಥವೇ ಆಗುತ್ತಿಲ್ಲ.

ಉತ್ತರ: ಬೇಜಾರಿಲ್ಲ ಎಂದರೆ ನಂಬಿ. ಬೇಜಾರಿರುವವರೂ ಇದ್ದಾರೆ, ಅದೂ ನಿಜ. ಅಲ್ಲಿ ಪೌರೋಹಿತ್ಯ ಅಂದರೆ ಸಂಬಳದ ಕೆಲಸವಲ್ಲ, ದೇವರ ಹೆಸರಲ್ಲಿ ವಿಧಿಗಳನ್ನು ನಡೆಸುವ ಅಧಿಕಾರ. ಹುಡುಗರಿಗೆ ಹನ್ನೆರಡರ ಆಸುಪಾಸಿನಲ್ಲೇ ಅದರ ಮೊದಲ ಹಂತ ಸಿಗುತ್ತದೆ, ತಾಯಿಗೆ ಎಂದೂ ಇಲ್ಲ. ಹೆಂಗಸರಿಗೂ ಕೊಡಿ ಎಂದು ಚಳವಳಿ ನಡೆಸಿದ ಕೇಟ್ ಕೆಲ್ಲಿಯನ್ನು 2014ರಲ್ಲಿ ಚರ್ಚ್ ಹೊರಹಾಕಿತು.

ಹಾಗಂತ ಹಿಂದೆಲ್ಲ ಕತ್ತಲು, ಈಗ ಬೆಳಕು ಅಂದುಕೊಳ್ಳಬೇಡಿ. 19ನೇ ಶತಮಾನದ ಮಾರ್ಮನ್ ಹೆಂಗಸರು ಕಾಯಿಲೆಯವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಈಗ ಅದು ಪೌರೋಹಿತ್ಯವಿರುವ ಗಂಡಸರ ಕೆಲಸ. 1870ರಲ್ಲೇ ಯೂಟಾದ ಹೆಂಗಸರಿಗೆ ಮತದ ಹಕ್ಕಿತ್ತು. ಮಾರ್ಥಾ ಹ್ಯೂಸ್ ಕ್ಯಾನನ್ ಎಂಬಾಕೆ ಡಾಕ್ಟರು, ಬಹುಪತ್ನಿಯರಿದ್ದ ಗಂಡನ ಹೆಂಡತಿಯರಲ್ಲಿ ಒಬ್ಬಳು. 1896ರಲ್ಲಿ ರಾಜ್ಯ ಸೆನೆಟ್‌ಗೆ ಗೆದ್ದಳು. ಅಮೆರಿಕದಲ್ಲಿ ಹಾಗೆ ಗೆದ್ದ ಮೊದಲ ಹೆಂಗಸು ಆಕೆ. ಅದೇ ಚುನಾವಣೆಗೆ ನಿಂತಿದ್ದ ಗಂಡ ಸೋತ! 1842ರಲ್ಲಿ ಶುರುವಾದ ಹೆಂಗಸರ ಸಂಘ 'ರಿಲೀಫ್ ಸೊಸೈಟಿ' ತನ್ನ ಹಣ ತಾನೇ ನೋಡಿಕೊಳ್ಳುತ್ತಿತ್ತು, ಪತ್ರಿಕೆ ನಡೆಸುತ್ತಿತ್ತು. 1970ರ ಹೊತ್ತಿಗೆ ಎರಡೂ ಅವರ ಕೈತಪ್ಪಿದವು. ಅಂದರೆ, ಇವತ್ತು ಸಂಪ್ರದಾಯ ಅನ್ನಿಸುವುದರಲ್ಲಿ ಕೆಲವು ನಮ್ಮ ಅಮ್ಮಂದಿರ ಕಾಲದವು, ಅಷ್ಟೇ.

ಚರ್ಚಿನ 1995ರ ಘೋಷಣೆಯೊಂದು ಅಪ್ಪನಿಗೆ ದುಡಿಮೆ, ಅಮ್ಮನಿಗೆ ಮಕ್ಕಳ ಪಾಲನೆ ಎಂದು ಹಂಚಿತು. ಜೊತೆಗೇ ಇಬ್ಬರೂ ಸಮಾನ ಎಂದಿತು. ನಿಮ್ಮ ನೆರೆಯಾಕೆಯಂಥವರು ಕಾಲೂರಿರುವುದು ಆ ಎರಡನೇ ಮಾತಿನ ಮೇಲೆ.

ಬದಲಾವಣೆಯೂ ನಡೆದಿದೆ, ಸದ್ದಿಲ್ಲದೆ. ಮಿಷನರಿ ಹುಡುಗಿಯರ ವಯಸ್ಸನ್ನು 2012ರಲ್ಲಿ 21ರಿಂದ 19ಕ್ಕೆ ಇಳಿಸಿದರು. 2019ರಿಂದ ಹೆಂಗಸರು ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಲ್ಲಬಹುದು. ಸಣ್ಣದು ಅನ್ನಿಸುತ್ತದೆ ಅಲ್ವಾ? ಆದರೆ ಈ ಚರ್ಚಿನಲ್ಲಿ ದೊಡ್ಡ ತಿರುವು ಬರುವುದು ಅಧ್ಯಕ್ಷರಿಗೆ ದೇವರ ಆದೇಶವಾಯಿತು ಎಂದಾಗಲೇ. ಕಪ್ಪು ಗಂಡಸರಿಗೆ ಪೌರೋಹಿತ್ಯ ಸಿಕ್ಕಿದ್ದು ಹಾಗೇ, 1978ರಲ್ಲಿ. ಹಾಗಾಗಿ ಎಷ್ಟೋ ಹೆಂಗಸರು ಜಗಳಕ್ಕೂ ಇಳಿಯುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಕಾಯುತ್ತಾರೆ. ನನಗೆ ಇದು ಸುಮ್ನೆ ಸಹಿಸಿಕೊಳ್ಳುವುದು ಅನ್ನಿಸುವುದಿಲ್ಲ. ಆದರೆ ಕಾಯುವ ಖರ್ಚೆಲ್ಲ ಹೆಂಗಸರದೇ.

ಆಕೆಯೊಡನೆ ಮಾತಾಡುವಾಗ ರಿಲೀಫ್ ಸೊಸೈಟಿ ಬಗ್ಗೆ ಕೇಳಿ. ಬಹುಪತ್ನಿತ್ವದಿಂದ ಮಾತ್ರ ಶುರುಮಾಡಬೇಡಿ. ಅದನ್ನು ಚರ್ಚ್ 1890ರಲ್ಲೇ ಕೈಬಿಡುವುದಾಗಿ ಸಾರಿತು. ಈಗ ಯಾರಾದರೂ ಹಾಗೆ ಮದುವೆಯಾದರೆ ಹೊರಹಾಕುತ್ತಾರೆ. ಯೂಟಾದವರಿಗೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.