ಬಿ.ಎ. ಓದಿದರೆ ನಾಯಕತ್ವಕ್ಕೆ ಏನು ಉಪಯೋಗ?

ಖಂಡಿತ ಉಪಯೋಗ ಇದೆ. ಪಿಯುಸಿ ಮುಗಿಸಿದ ಮಗಳು ಬಿ.ಎ. ಸೇರಿದರೆ ಮುಂದೆ ನಾಲ್ಕು ಜನರನ್ನು ಮುನ್ನಡೆಸಬಲ್ಲಳೇ ಎಂದು ಕೇಳಿದ್ದೀರಿ. ಮುಂದೆ ನಿಂತವರಿಗೆ ಎದುರಾಗುವ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಒಂದೇ ಸರಿ ಉತ್ತರ ಇರುವುದಿಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಓದುವಾಗ ಆಗುವುದು ಇದರದ್ದೇ ಅಭ್ಯಾಸ. ಒಂದೇ ಸಂಗತಿಯನ್ನು ಬೇರೆ ಬೇರೆಯವರು ಹೇಗೆ ಹೇಳುತ್ತಾರೆ, ಯಾಕೆ ಹಾಗೆ ಹೇಳುತ್ತಾರೆ ಎಂದು ತೂಗಿ ನೋಡಬೇಕು. ಆಮೇಲೆ ತನ್ನ ತೀರ್ಮಾನಕ್ಕೆ ಕಾರಣ ಕೊಡಬೇಕು.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ಯಾವ ಇಳಿಜಾರು ಅಪಾಯ ಎಂದು ಭೂವಿಜ್ಞಾನಿಯೇ ಹೇಳಬೇಕು, ಅದು ಬೇಕೇ ಬೇಕು. ಆದರೆ ಮನೆತನದ ಮೂಲ ಮನೆಯಾದ ಐನ್‌ಮನೆ, ಹಿರಿಯರನ್ನು ಪೂಜಿಸುವ ಕೈಮಡ ಇರುವ ಜಾಗವನ್ನು ಬಿಟ್ಟು ಬರಲು ಒಂದು ಕುಟುಂಬಕ್ಕೆ ಯಾಕೆ ಮನಸ್ಸಾಗುವುದಿಲ್ಲ? ತೋಟದ ಲೈನ್‌ಮನೆಯಲ್ಲಿ, ಅಂದರೆ ಮಾಲೀಕರು ಕೊಟ್ಟ ಸಾಲುಮನೆಯಲ್ಲಿ, ಇರುವ ಕಾರ್ಮಿಕರ ಭಯ ಬೇರೆ. ಜಾಗ ಮೊದಲೇ ಅವರದ್ದಲ್ಲ, ಅಲ್ಲಿಂದ ಹೊರಟರೆ ಕೂಲಿಯೂ ಹೋಗಬಹುದು. ಇಬ್ಬರಿಗೂ ಸುಮ್ನೆ ಒಂದೇ ಆದೇಶ ಓದಿ ಹೇಳಿದರೆ ಯಾರೂ ಕದಲುವುದಿಲ್ಲ. ಈ ವ್ಯತ್ಯಾಸ ಹಿಡಿಯುವ ಕಣ್ಣು, ಅದನ್ನು ಸಭೆಯಲ್ಲಿ ಬಿಡಿಸಿ ಹೇಳುವ ಮಾತು, ಎರಡೂ ಕಲಾ ವಿಭಾಗದ ಓದಿನಿಂದ ಜಾಸ್ತಿ ಪಳಗುತ್ತವೆ ಎಂಬುದು ನನ್ನ ನಂಬಿಕೆ.

ಆದರೆ ಗೈಡ್ ಉರು ಹೊಡೆದು ಪಾಸಾದರೆ ಇದು ಯಾವುದೂ ಬರುವುದಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಲು ಬಿಡುವ, ಒಳ್ಳೆಯ ಲೈಬ್ರರಿ ಇರುವ ಕಾಲೇಜು ಹುಡುಕಿ. ಒಂದು ವಿಷಯವಾಗಿ ಅರ್ಥಶಾಸ್ತ್ರವನ್ನೂ ತೆಗೆದುಕೊಳ್ಳಲಿ. ಲೆಕ್ಕಪತ್ರ ಓದಲು ಬಾರದಿದ್ದರೆ ಒಂದು ಗ್ರಾಮ ಪಂಚಾಯಿತಿ ನಡೆಸುವುದೂ ಕಷ್ಟ.