ಓದುಗರ ಪ್ರಶ್ನೆ: ಮಗಳ ಕಾಲು ಎಲ್ಲಿತ್ತು?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು, ಈಗ ಟೆಕ್ಸಾಸ್‌ನಲ್ಲಿದ್ದೀವಿ. ಮಗಳಿಗೆ 12 ವರ್ಷ, ಇಲ್ಲಿ ಟ್ರಾವೆಲ್ ಟೀಮ್‌ನಲ್ಲಿ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಆಡ್ತಾಳೆ, ಪಿಚರ್, ಅಂದ್ರೆ ಕ್ರಿಕೆಟ್‌ನ ಬೌಲರ್ ತರ ಚೆಂಡು ಹಾಕೋಳು. ಎರಡು ವರ್ಷದಿಂದ ಒಂದೇ ತರ ಹಾಕ್ತಿದ್ದಾಳೆ, ಯಾರೂ ಏನೂ ಅಂದಿರ್ಲಿಲ್ಲ. ಹೋದ ವಾರ ಸೆಮಿಫೈನಲ್‌ನಲ್ಲಿ ಅಂಪೈರ್ ನಾಲ್ಕು ಸಲ ಇಲ್ಲೀಗಲ್ ಪಿಚ್ (ಕ್ರಿಕೆಟ್‌ನ ನೋಬಾಲ್ ತರ) ಕೊಟ್ರು, ಕೇಳಿದ್ರೆ ಕ್ರೋ ಹಾಪ್ ಅಂದ್ರು. ನಮ್ಮ ಕೋಚ್ ‘ಈಗ ಲೀಪ್ ಲೀಗಲ್ ಆಗಿದೆ, ರೂಲ್ ಓದ್ಕೊಂಡು ಬನ್ನಿ’ ಅಂತ ಜಗಳಕ್ಕೇ ನಿಂತ್ರು. ಮಗಳು ಅಳ್ತಾ ಕಾರ್ ಹತ್ತಿದ್ಲು. ಯಾರು ಸರಿ?

ಉತ್ತರ: ಕೋಚ್ ಹೇಳಿದ ರೂಲ್ ಸರಿ, ಆದ್ರೆ ಅದು ಅಂಪೈರ್ ಹಿಡಿದ ತಪ್ಪಿಗೆ ಉತ್ತರ ಅಲ್ಲ. ಲೀಪ್ ಬೇರೆ, ಕ್ರೋ ಹಾಪ್ ಬೇರೆ. ನಾನೂ ವೀಕೆಂಡ್‌ನಲ್ಲಿ ಅಂಪೈರಿಂಗ್ ಮಾಡೋನು, ಈ ಎರಡನ್ನೂ ಒಂದೇ ಅನ್ಕೊಂಡು ನನ್ನ ಮೇಲೆ ಕೂಗಾಡಿದ ಅಪ್ಪಂದಿರ ಲೆಕ್ಕ ಇಟ್ಟಿಲ್ಲ.

ನಿಮ್ಮ ಮಗಳು ಬಲಗೈನವಳು ಅನ್ಕೊಳ್ಳೋಣ. ಬಲಗಾಲೇ ಅವಳ ಪಿವಟ್ ಫೂಟ್, ಅಂದ್ರೆ ತಳ್ಳೋ ಕಾಲು. ನೆಲಕ್ಕೆ ಸಮ ಹೂತಿರೋ 24 ಇಂಚು ಉದ್ದ 6 ಇಂಚು ಅಗಲದ ಪಟ್ಟಿ, ಪಿಚರ್ಸ್ ಪ್ಲೇಟ್, ಅದರ ಮೇಲಿಂದ ಆ ಕಾಲಲ್ಲಿ ತಳ್ತಾಳೆ, ಎಡಗಾಲು ಮುಂದೆ ಹೋಗುತ್ತೆ, ಬಲಗಾಲಿನ ತುದಿ ಮಣ್ಣಲ್ಲಿ ಗೆರೆ ಎಳ್ಕೊಂಡು ಹಿಂದೆ ಬರುತ್ತೆ, ಇದು ಡ್ರ್ಯಾಗ್. ತಳ್ಳೋ ಜೋರಿಗೆ ಎರಡು ಕಾಲೂ ಒಂದು ಕ್ಷಣ ನೆಲ ಬಿಟ್ರೆ ಅದು ಲೀಪ್. ಬಲಗಾಲು ಪ್ಲೇಟ್ ಬಿಟ್ಟು ಮುಂದೆ ಹಾರಿ ಅಲ್ಲಿ ಮತ್ತೆ ಊರಿ, ಆ ಹೊಸ ಜಾಗದಿಂದ ಎರಡನೇ ಸಲ ತಳ್ಳಿದ್ರೆ ಮಾತ್ರ ಕ್ರೋ ಹಾಪ್, ರೀಪ್ಲಾಂಟ್ ಅಂತಲೂ ಅಂತಾರೆ. ಚಿಕ್ಕೋರಿದ್ದಾಗ ಕುಂಟೆಬಿಲ್ಲೆ ಆಡಿದೀರಲ್ವಾ, ಒಂದು ಮನೆಯಿಂದ ಹಾರಿ ಇನ್ನೊಂದರಲ್ಲಿ ಕಾಲೂರಿ ಅಲ್ಲಿಂದ ಮತ್ತೆ ಹಾರೋದು, ಅದೇ ಇದು.

ಗಂಡಸರ ಆಟದಲ್ಲಿ ಲೀಪ್‌ಗೆ ಎಷ್ಟೋ ವರ್ಷದಿಂದ ಅಡ್ಡಿ ಇಲ್ಲ. ಹೆಣ್ಣುಮಕ್ಕಳಿಗೆ ಅಮೆರಿಕದ ಕಾಲೇಜು ಆಟದಲ್ಲಿ 2024ರ ಸೀಸನ್‌ನಿಂದ, ಹೈಸ್ಕೂಲ್‌ನಲ್ಲಿ 2025ರಿಂದ ಬಿಟ್ಟಿದ್ದಾರೆ. ಬಿಟ್ಟಿದ್ದು ಒಳ್ಳೇದೇ ಆಯ್ತು ಅಂತೀನಿ ನಾನು, ಯಾಕಂದ್ರೆ ಕಾಲಿಗೂ ಮಣ್ಣಿಗೂ ಅರ್ಧ ಇಂಚು ಗ್ಯಾಪ್ ಇತ್ತಾ ಇಲ್ವಾ ಅಂತ ಬರಿಗಣ್ಣಲ್ಲಿ ಹೇಳೋದು ಸುಳ್ಳು ಮಾತು, ಒಬ್ಬ ಅಂಪೈರ್ ಕೊಡ್ತಿದ್ದ ಇನ್ನೊಬ್ಬ ಕೊಡ್ತಿರ್ಲಿಲ್ಲ, ಮಕ್ಕಳಿಗೆ ತಲೆ ಕೆಡ್ತಿತ್ತು, ಅದೂ ಅಲ್ದೆ ಗಾಳೀಲಿ ಇರೋ ಕಾಲಿಂದ ತಳ್ಳೋಕೆ ಏನಿದೆ, ಅದರಿಂದ ಯಾರಿಗೂ ಅನ್ಯಾಯ ಆಗಲ್ಲ. ರೀಪ್ಲಾಂಟ್ ಮಾತ್ರ ಈಗಲೂ ತಪ್ಪೇ. ಟ್ರಾವೆಲ್ ಟೂರ್ನಿಗಳಲ್ಲಿ ಒಂದೊಂದು ಸಂಸ್ಥೆಗೆ ಒಂದೊಂದು ರೂಲ್‌ಬುಕ್ ಇರುತ್ತೆ, ಮೊದಲ ಮ್ಯಾಚ್‌ಗೆ ಮುಂಚೆನೇ ಟೂರ್ನಿ ನಡೆಸೋರನ್ನ ಕೇಳ್ಕೊಳ್ಳಿ.

‘ಎರಡಡಿ ಮುಂದೆ ಬಂದ್ರೆ ಏನ್ ಮಹಾ’ ಅಂತೀರಾ? ಅವಳ ವಯಸ್ಸಿನವರಿಗೆ ಪಿಚರ್ಸ್ ಪ್ಲೇಟಿಗೂ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೂ ಮಧ್ಯೆ ದೂರ 40 ಅಡಿ. ಗಂಟೆಗೆ 50 ಮೈಲಿ ಅಂದ್ರೆ ಸೆಕೆಂಡಿಗೆ ಸುಮಾರು 73 ಅಡಿ. ಚೆಂಡು ಕೈ ಬಿಡೋ ಹೊತ್ತಿಗೆ ಪಿಚರ್ ಐದಡಿ ಮುಂದೆ ಬಂದಿರ್ತಾಳೆ, ಉಳಿದ 35 ಅಡಿಗೆ ಅರ್ಧ ಸೆಕೆಂಡೂ ಇಲ್ಲ. ಅದರಲ್ಲಿ ಇನ್ನೂ ಎರಡಡಿ ಕದ್ರೆ ಬ್ಯಾಟರ್‌ಗೆ 0.03 ಸೆಕೆಂಡ್ ಹೋಯ್ತು, ಜೊತೆಗೆ ಎರಡನೇ ಸಲ ತಳ್ಳೋದರಿಂದ ಬರೋ ಸ್ಪೀಡ್ ಬೇರೆ. ಎದುರುಗಡೆ ನಿಂತಿರೋದೂ 12 ವರ್ಷದ ಮಗುನೇ.

ಈಗ ಮನೇಲೇ ಚೆಕ್ ಮಾಡಿ. ಮೂರನೇ ಬೇಸ್ ಕಡೆಯಿಂದ, ಅಂದ್ರೆ ಪಿಚ್ ಮಾಡೋವಾಗ ಅವಳ ಬಲಗಡೆಯಿಂದ, ಫೋನ್ ನೆಲದ ಮಟ್ಟಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಹತ್ತು ಪಿಚ್ ತೆಗೀರಿ. ನೋಡಬೇಕಾದ್ದು ಒಂದೇ, ಪ್ಲೇಟ್ ಬಿಟ್ಟ ಬಲಗಾಲು ಎಡಗಾಲಿಗಿಂತ ಮೊದಲೇ ಇಳಿದು, ಮಂಡಿ ಬಗ್ಗಿ, ಮೈಭಾರ ಹೊತ್ತು ಮತ್ತೆ ಒದೀತಾ? ಒದ್ರೆ ಅಂಪೈರ್ ಸರಿ. ಎಡಗಾಲು ಊರೋವರೆಗೂ ಬಲಗಾಲು ಭಾರ ಹೊರದೆ ಸುಮ್ನೆ ಹಿಂಬಾಲಿಸಿದ್ರೆ ಕೋಚ್ ಸರಿ. ಫೋನ್ ಇಲ್ದಿದ್ರೂ ಮಣ್ಣೇ ಹೇಳುತ್ತೆ. ಡ್ರ್ಯಾಗ್ ಮಾಡೋರ ಹಿಂದೆ ಕೋಲಲ್ಲಿ ಎಳೆದ ಹಾಗೆ ಒಂದು ಗೆರೆ ಇರುತ್ತೆ. ಕ್ರೋ ಹಾಪ್ ಮಾಡೋರ ಹತ್ರ ಪ್ಲೇಟ್ ಮುಂದೆ ಖಾಲಿ ಜಾಗ, ಆಮೇಲೆ ಕೋಳಿ ಕೆರೆದ ಹಾಗೆ ಒಂದು ಗುಳಿ. ಅವಳ ಬಲಗಾಲಿನ ಶೂ ತುದೀನೂ ತಿರುಗಿಸಿ ನೋಡಿ, ಎರಡು ವರ್ಷ ಪಿಚ್ ಮಾಡಿದ ಹುಡುಗಿ ಶೂ ತುದಿ ಹೊಸದರ ತರ ಇದ್ರೆ ನಂಗೆ ಅನುಮಾನ ಬರುತ್ತೆ.

ಎರಡು ವರ್ಷ ಯಾರೂ ಹಿಡೀಲಿಲ್ಲ ಅನ್ನೋದು ನಿಮ್ಮ ನಿಜವಾದ ದೂರು, ಅದರಲ್ಲಿ ನಾನು ನಿಮ್ಮ ಕಡೆ. ಚಿಕ್ಕ ಮಕ್ಕಳ ಮ್ಯಾಚ್‌ಗೆ ಎಷ್ಟೋ ಸಲ ಒಬ್ಬನೇ ಅಂಪೈರ್, ಕ್ಯಾಚರ್ ಹಿಂದೆ ಬಗ್ಗಿ ನಿಂತು ಚೆಂಡು ನೋಡ್ಬೇಕು, ಸ್ಟ್ರೈಕಾ ಬಾಲಾ ಹೇಳ್ಬೇಕು, ಕಾಲು ಎಲ್ಲಿ ನೋಡ್ತಾನೆ. ಕಂಡ್ರೂ ‘ಪಾಪ ಹೋಗ್ಲಿ ಮಗು’ ಅಂತ ಬಿಡ್ತಾರೆ, ನಾನೂ ಬಿಟ್ಟಿದ್ದೀನಿ, ಅದು ಉಪಕಾರ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಹತ್ತನೇ ವಯಸ್ಸಲ್ಲಿ ಹೇಳಿದ್ರೆ ಒಂದು ತಿಂಗಳಲ್ಲಿ ಸರಿ ಹೋಗೋದು. ಆಗ ಬಿಟ್ಟು ಸೆಮಿಫೈನಲ್‌ನಲ್ಲಿ ನಾಲ್ಕು ಸಲ ಕೊಟ್ರೆ ಅವಳು ಅಳದೆ ಇನ್ನೇನ್ ಮಾಡ್ತಾಳೆ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಕಾಲು ಗೆರೆ ದಾಟ್ತು ಅಂದ್ರೆ ನೋಬಾಲ್, ಮುಗೀತು. ಅಂಡರ್‌ಆರ್ಮ್ ಹಾಕೋ ಆಟಕ್ಕೆ ಇಷ್ಟೊಂದು ರಗಳೆ ಯಾಕೆ? (ಮೈಸೂರಿನ ಓದುಗರು)

ಉತ್ತರ: ಅಂಡರ್‌ಆರ್ಮ್ ಅಂತ ಹಗುರ ಮಾಡ್ಬೇಡಿ ಸ್ವಾಮಿ. ಅಮೆರಿಕದ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ ಸ್ಪೀಡಲ್ಲಿ ಹಾಕಿ ಗಿನ್ನೆಸ್ ದಾಖಲೆ ಮಾಡಿದ್ರು. ದೊಡ್ಡ ಹೆಂಗಸರ ಆಟದಲ್ಲಿ ದೂರ 43 ಅಡಿ, ಬೇಸ್‌ಬಾಲ್‌ನಲ್ಲಿ 60 ಅಡಿ 6 ಇಂಚು. ಲೆಕ್ಕ ಹಾಕಿ ನೋಡಿ, ಆ 77 ಮೈಲಿ ಚೆಂಡು ಬೇಸ್‌ಬಾಲ್‌ನ 95 ಮೈಲಿ ಚೆಂಡಿಗಿಂತ ಬೇಗ ಬ್ಯಾಟರ್ ಹತ್ರ ಬಂದಿರುತ್ತೆ.

ಕ್ರಿಕೆಟ್‌ಗೂ ಈ ರಗಳೆ ಹೊಸದೇನಲ್ಲ. ಹಿಂದೆ ನೋಬಾಲ್ ನೋಡ್ತಿದ್ದಿದ್ದು ಹಿಂಗಾಲನ್ನ. ಆ ಕಾಲು ಗೆರೆ ಹಿಂದೆ ಇಟ್ಟು, ಅಲ್ಲಿಂದ ಎಳ್ಕೊಂಡು ಎಷ್ಟೋ ಮುಂದೆ ಬಂದು ಚೆಂಡು ಬಿಡ್ತಿದ್ರು. 1958-59ರ ಆ್ಯಷಸ್‌ನಲ್ಲಿ ಆಸ್ಟ್ರೇಲಿಯಾದ ಗಾರ್ಡನ್ ರೋರ್ಕ್ ಹೀಗೆ ಎಳೆಯೋದಕ್ಕೇ ಹೆಸರಾಗಿದ್ರು. ಆ ಗಲಾಟೆ ಎಲ್ಲ ಆದ ಮೇಲೇ ಮುಂಗಾಲಿನ ರೂಲ್ ಬಂದಿದ್ದು. ತಮಾಷೆ ನೋಡಿ, ಅಲ್ಲಿ ಎಳೆದಿದ್ದು ತಪ್ಪಾಯ್ತು, ಇಲ್ಲಿ ಎಳೀದೆ ಊರಿದ್ದು ತಪ್ಪು. ಆದ್ರೆ ಎರಡು ಕಡೆನೂ ಜಗಳ ಒಂದೇ, ಬೌಲರ್ ಬ್ಯಾಟ್ಸ್‌ಮನ್‌ಗೆ ಎಷ್ಟು ಹತ್ರ ಬಂದ ಅನ್ನೋದು. ಸಾಫ್ಟ್‌ಬಾಲ್‌ನಲ್ಲಿ ರನ್‌ಅಪ್ಪೇ ಇಲ್ಲ, ಮುಂದೆ ಹಾಕೋಕೆ ಒಂದೇ ಹೆಜ್ಜೆ, ಅದೂ 24 ಇಂಚಿನ ಪಟ್ಟಿ ಒಳಗೇ. ಇರೋ ಒಂದು ಹೆಜ್ಜೇನ ಎರಡು ಮಾಡ್ಕೊಂಡ್ರೆ ಸುಮ್ನಿರೋಕಾಗುತ್ತಾ.

ಮುಂದೆ ಗೆರೆ ಎಳೆದುಬಿಟ್ರೆ ಆಯ್ತಲ್ಲ ಅಂತ ಕೇಳಬಹುದು. ಉದ್ದ ಕಾಲಿನ ಹುಡುಗಿ ನ್ಯಾಯವಾಗಿ ತಳ್ಳಿ ಏಳಡಿ ಹೋಗ್ತಾಳೆ, ಗಿಡ್ಡ ಹುಡುಗಿ ಕಳ್ಳಹೆಜ್ಜೆ ಹಾಕಿ ಆರೇ ಅಡಿ ಹೋಗಬಹುದು. ಗೆರೆ ಹಾಕಿದ್ರೆ ಸಿಕ್ಕಿಬೀಳೋದು ಮೊದಲನೆಯವಳು.

ಪ್ರಶ್ನೆ: ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಪಿಇ ಮೇಷ್ಟ್ರು ನಾನು. ಹುಡುಗೀರಿಗೆ ಸಾಫ್ಟ್‌ಬಾಲ್ ಶುರು ಮಾಡ್ಸಿದ್ದೀನಿ, ಎಲ್ರೂ ಕ್ರಿಕೆಟ್ ನೋಡಿ ಬೆಳೆದೋರು, ಎರಡು ಹೆಜ್ಜೆ ಓಡಿ ಬಂದೇ ಹಾಕ್ತಾರೆ. ಹೇಗೆ ಬಿಡ್ಸೋದು?

ಉತ್ತರ: ಮೇಷ್ಟ್ರೇ, ಮೊದಲು ಕೈ ತಿರುಗಿಸೋದನ್ನೇ ನಿಲ್ಲಿಸಿ. ವಿಂಡ್‌ಮಿಲ್ (ಕೈ ಪೂರ್ತಿ ಒಂದು ಸುತ್ತು ತಿರುಗಿಸಿ ಹಾಕೋದು) ಆಸೆಗೆ ಬಿದ್ದೇ ಕಾಲು ಕೆಡೋದು. ಪಿಚರ್ಸ್ ಪ್ಲೇಟಿನ ಅಳತೆಗೆ ಒಂದು ಹಲಗೆ ತುಂಡು ನೆಲಕ್ಕೆ ಸಮ ಹೂತು, ಅದರ ಎರಡು ತುದಿಯಿಂದ ಮುಂದಕ್ಕೆ ಸುಣ್ಣದ ಪುಡೀಲಿ ಗೆರೆ ಎಳೀರಿ. ಚೆಂಡಿಲ್ದೆ ಬರೀ ಹೆಜ್ಜೆ ಹಾಕಿಸಿ. ಬಲಗಾಲಿನ ತುದಿ ಕೆಳಗೆ ಹಳೇ ಟವೆಲ್ಲೋ ಗೋಣಿಚೀಲದ ತುಂಡೋ ಇಡಿ, ತಳ್ಳಿದ ಮೇಲೆ ಬಟ್ಟೇನ ಎಳ್ಕೊಂಡು ಬರಬೇಕು. ಕಾಲು ಎತ್ತಿ ಊರಿದ್ರೆ ಬಟ್ಟೆ ಹಿಂದೇನೇ ಉಳಿಯುತ್ತೆ, ಅವಳಿಗೇ ಗೊತ್ತಾಗುತ್ತೆ, ನೀವು ಬೈಯೋದೇ ಬೇಡ. ಎರಡು ವಾರ ಇಷ್ಟೇ ಮಾಡ್ಸಿ. ಬೋರ್ ಅಂತಾರೆ, ಅನ್ಲಿ. ಆಮೇಲೆ ಕೈಗೆ ಚೆಂಡು ಕೊಡಿ, ಮೊದಮೊದಲು 20 ಅಡಿಯಿಂದ, ಮಣಿಕಟ್ಟಿಂದ ಮಾತ್ರ.

ಬರಿಗಾಲಲ್ಲಿ ಮಾತ್ರ ಮಾಡ್ಸಬೇಡಿ, ಹೆಬ್ಬೆರಳು ಕಿತ್ಕೊಂಡು ಹೋಗುತ್ತೆ. ಕ್ಯಾನ್ವಾಸ್ ಶೂ ಆದ್ರೂ ಸಾಕು, ತುದಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿಬಿಟ್ರೆ ಒಂದು ವರ್ಷ ಬರುತ್ತೆ.