ಸಿಡಿಲು ಬಡಿದ ಮೇಲೆ ಕೆಂಪು ಲೈಟ್ ಬಂತೆಂದು ಹೊಸ ಮೋಡೆಮ್ ತರಬೇಡಿ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಹೊಸನಗರದ ಕಡೆ ಮೊನ್ನೆ ಸಂಜೆ ಸ್ವಾತಿ ಮಳೆ ಗುಡುಗು-ಗಾಳಿ ಸಮೇತ ಬಂತು. ಆಮೇಲೆ ಫೈಬರ್ ಮೋಡೆಮ್‌ನಲ್ಲಿ ಎಲ್‌ಒಎಸ್ ಲೈಟ್ ಕೆಂಪಗೆ ಮಿಟುಕುತ್ತಿದೆ. ಅಡಿಕೆ ಅಂಗಳದ ಕ್ಯಾಮೆರಾದ ವೈರ್ ಹಾಕಿದ ಪೋರ್ಟ್‌ನ ಲೈಟೂ ಹತ್ತುತ್ತಿಲ್ಲ. ಕನೆಕ್ಷನ್ ಕೊಟ್ಟವರು ಬರಲು ಎರಡು ಮೂರು ದಿನ ಬೇಕಂತೆ. ಅಂಗಡಿಯವರು ಮೋಡೆಮ್ ಹೋಗಿದೆ, ಹೊಸದು ತಗೊಳ್ಳಿ ಅಂದಿದ್ದಾರೆ. ಕೊಯ್ಲು ನಡೆಯುವಾಗ ಅಂಗಳದಲ್ಲಿ ಅಡಿಕೆ ಹರವಿ ಕ್ಯಾಮೆರಾ ಇಲ್ಲದೆ ಮಲಗುವುದು ಕಷ್ಟವೇ. ಆದರೂ ದಯವಿಟ್ಟು ಅವಸರ ಮಾಡಬೇಡಿ. ನೀವು ಹೇಳಿದ್ದು ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಎರಡಕ್ಕೂ ಹೊಸ ಮೋಡೆಮ್ ಬೇಕಾಗಲಿಕ್ಕಿಲ್ಲ.

ಮೊದಲು ಒಂದು ಎಚ್ಚರಿಕೆ. ಗಾಳಿ ಮಳೆಯ ಮಾರನೇ ದಿನ ಏನನ್ನೇ ಪ್ಲಗ್‌ಗೆ ಹಾಕುವ ಮೊದಲು ಮನೆಯ ವೋಲ್ಟೇಜ್ ನೋಡಿ. ಮರ ಬಿದ್ದು ಲೈನಿನ ನ್ಯೂಟ್ರಲ್ ತುಂಡಾಗಿದ್ದರೆ 230 ಇರಬೇಕಾದಲ್ಲಿ 300 ದಾಟಿ ಬರಬಹುದು. ಒಂದು ಕೋಣೆಯ ಬಲ್ಬ್ ಉರಿದುಹೋಗುವಷ್ಟು ಬೆಳಗಿ, ಇನ್ನೊಂದು ಮಂಕಾಗಿದ್ದರೆ ತಕ್ಷಣ ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಸಿಡಿಲಿಗೆ ಹೋಯ್ತು ಅಂತ ನಾವು ಹೇಳುವ ಎಷ್ಟೋ ಟಿವಿ, ಮೋಡೆಮ್ ನಿಜವಾಗಿ ಹೋಗುವುದು ಹೀಗೆ.

ಈಗ ಕೆಂಪು ಲೈಟ್ ವಿಷಯ. ಫೈಬರ್ ಅಂದರೆ ಗಾಜಿನ ಎಳೆ. ಅದರೊಳಗೆ ಹೋಗುವುದು ಬೆಳಕು, ಕರೆಂಟಲ್ಲ. ಎಲ್‌ಒಎಸ್ ಕೆಂಪಾದರೆ ಕನೆಕ್ಷನ್ ಕೊಟ್ಟವರ ಕಡೆಯಿಂದ ಬರಬೇಕಾದ ಬೆಳಕು ಮೋಡೆಮ್‌ಗೆ ಮುಟ್ಟುತ್ತಿಲ್ಲ ಎಂದರ್ಥ. ಬೆಳಕು ಬಂದಿಲ್ಲ ಅಂತ ಮೋಡೆಮ್ ಹೇಳುತ್ತಿದೆ ಅಂದರೆ ಅದಕ್ಕೆ ಜೀವ ಇದೆ ಅಂತ ತಾನೇ? ಹಾಗಾಗಿ ಮೊದಲು ಅಕ್ಕಪಕ್ಕದ ಮನೆಯಲ್ಲಿ ಕೇಳಿ. ಅವರದ್ದೂ ಕೆಂಪಾಗಿದ್ದರೆ ದೊಡ್ಡ ಕೇಬಲ್ ತುಂಡಾಗಿದೆ, ಇಲ್ಲವೇ ಕರೆಂಟು ತುಂಬಾ ಹೊತ್ತು ಹೋಗಿ ಆ ಕಡೆಯ ಬ್ಯಾಟರಿ ಖಾಲಿಯಾಗಿದೆ. ನಿಮ್ಮ ಮನೆ ಒಂದಕ್ಕೇ ಆಗಿದ್ದರೆ ಕಂಬದಿಂದ ಮನೆಯವರೆಗೆ ಕೇಬಲ್ ನೋಡುತ್ತಾ ಬನ್ನಿ. ತೋಟದ ಮೇಲೆ ಎಳೆದ ಕೇಬಲ್‌ಗೆ ಸೋಗೆ ಬಿದ್ದು ಜಗ್ಗಿರುತ್ತದೆ, ಇಲ್ಲವೇ ಕಂಬದ ಡಬ್ಬಿಯೊಳಗೆ ನೀರು ಹೋಗಿರುತ್ತದೆ.

ನೋಡಿ, ಆದರೆ ಕೈ ಹಾಕಬೇಡಿ. ಮನೆಗೆ ಬರುವ ಫೈಬರ್ ಕೇಬಲ್‌ನಲ್ಲಿ ಜಗ್ಗಿ ಕಟ್ಟಲು ಒಂದು ಉಕ್ಕಿನ ತಂತಿ ಇರುತ್ತದೆ. ಅದು ಕರೆಂಟಿನ ವೈರ್ ಮೇಲೆ ಬಿದ್ದಿದ್ದರೆ ಜೀವಕ್ಕೇ ಅಪಾಯ.

ಮನೆಯೊಳಗೆ ನೀವು ಮಾಡಬಹುದಾದದ್ದು ಇಷ್ಟೇ. ಮೋಡೆಮ್‌ನ ಹಸಿರು ಪಿನ್ ನಿಧಾನ ಎಳೆದು ಮತ್ತೆ ಟಕ್ ಅನ್ನುವವರೆಗೆ ಒತ್ತಿ. ಪಿನ್‌ನ ತುದಿಯನ್ನು ಮುಟ್ಟಬೇಡಿ, ಅದರೊಳಗೆ ಇಣುಕಲೂ ಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಸಣ್ಣ ಕೇಬಲನ್ನು ಮೊಳೆಗೆ ಬಿಗಿಯಾಗಿ ಸುತ್ತಿದ್ದರೆ ಬಿಡಿಸಿ, ಚಹಾದ ಬಸಿಗಿಂತ ಸಣ್ಣ ಸುತ್ತು ಬೇಡ.

ರೀಸೆಟ್ ತೂತಿಗೆ ಪಿನ್ ಚುಚ್ಚುವ ಕೆಲಸ ಮಾತ್ರ ಬೇಡವೇ ಬೇಡ. ಒಳಗಿರುವ ಯೂಸರ್‌ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಕೇಬಲ್ ಸರಿಯಾದರೂ ನೆಟ್ ಬರುವುದಿಲ್ಲ. ಹೊಸ ಮೋಡೆಮ್ ತಂದರೂ ಅದೇ ಕಥೆ. ಕನೆಕ್ಷನ್ ಕೊಟ್ಟವರು ತಮ್ಮ ಕಡೆ ಅದರ ನಂಬರ್ ಸೇರಿಸದೆ ಅದು ಕೆಲಸ ಮಾಡುವುದಿಲ್ಲ. ಸುಮ್ನೆ ದುಡ್ಡು ದಂಡ.

ಒಂದೂ ಲೈಟ್ ಹತ್ತದವರು ಮೊದಲು ಅಡಾಪ್ಟರ್ ನೋಡಿ. ಸಾಮಾನ್ಯವಾಗಿ ಅದು 12 ವೋಲ್ಟ್‌ನದ್ದು. ಮಲ್ಟಿಮೀಟರ್‌ನಲ್ಲಿ ಡಿಸಿ 20ಕ್ಕೆ ಇಟ್ಟು ಅಳೆಯಿರಿ. ಸೊನ್ನೆ ತೋರಿಸಿದರೆ ಅಡಾಪ್ಟರ್ ಮಾತ್ರ ಹೋಗಿರುವ ಸಾಧ್ಯತೆ ಜಾಸ್ತಿ. ಬೇರೆ ಹಾಕುವಾಗ ವೋಲ್ಟೇಜ್ ಅಷ್ಟೇ ಇರಲಿ, ಪ್ಲಸ್ ಮೈನಸ್ ಹೊಂದಲಿ, ಆಂಪಿಯರ್ ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚಿರಲಿ.

ಇನ್ನು ಕ್ಯಾಮೆರಾ. ಇದು ಸಿಡಿಲಿನದ್ದೇ ಕೆಲಸ ಅಂತ ನನ್ನ ಅಂದಾಜು. ಮನೆಯಿಂದ ಅಂಗಳದಾಚೆಗೆ ಎಳೆದ ಉದ್ದದ ಲ್ಯಾನ್ ವೈರ್ ತಾಮ್ರದ್ದು. ಸಿಡಿಲು ದೂರದ ಮರಕ್ಕೆ ಹೊಡೆದರೂ ಆ ವೈರ್‌ನಲ್ಲಿ ಒಂದು ಕ್ಷಣ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಅದು ನೇರ ಮೋಡೆಮ್‌ನ ಪೋರ್ಟ್‌ಗೆ ಬರುತ್ತದೆ. ಲ್ಯಾನ್ ಪಿನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. 8 ಹಿತ್ತಾಳೆ ಬಣ್ಣದ ಹಲ್ಲು ಕಾಣುತ್ತವೆ. ಅದರಲ್ಲಿ ಒಂದೆರಡು ಕಪ್ಪಾಗಿದ್ದರೆ ಅನುಮಾನವೇ ಬೇಡ. ಕಪ್ಪಾಗದೆಯೂ ಪೋರ್ಟ್ ಸತ್ತಿರಬಹುದು. ಅದಕ್ಕೇ ಡಿವಿಆರನ್ನು, ಅಂದರೆ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಯನ್ನು, ಮೋಡೆಮ್ ಪಕ್ಕಕ್ಕೆ ತಂದು ಒಂದು ಗಿಡ್ಡ ವೈರ್‌ನಲ್ಲಿ ಬೇರೆ ಪೋರ್ಟ್‌ಗೆ ಹಾಕಿ. ಲೈಟ್ ಹತ್ತಿದರೆ ಹಳೆಯ ಪೋರ್ಟ್ ಅಥವಾ ಉದ್ದದ ವೈರ್ ಹೋಗಿದೆ. ಹತ್ತದಿದ್ದರೆ ಆ ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕಿ. ಅದಕ್ಕೆ ಹತ್ತಿದರೆ ಡಿವಿಆರ್‌ನ ಪೋರ್ಟ್ ಹೋಗಿದೆ. ಒಂದು ಪೋರ್ಟ್ ಸತ್ತ ಮೋಡೆಮ್ ಉಳಿದ ಪೋರ್ಟ್‌ಗಳಲ್ಲಿ, ವೈಫೈಯಲ್ಲಿ ಆರಾಮಾಗಿ ವರ್ಷಗಟ್ಟಲೆ ನಡೆಯಬಹುದು.

ಮುಂದಕ್ಕೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಮೋಡೆಮ್‌ಗೆ ಸಿಡಿಲು ಬರುವ ದಾರಿ ತಾಮ್ರ, ಗಾಜಲ್ಲ. ಕರೆಂಟಿನ ಪ್ಲಗ್ ಒಂದು, ಹೊರಗಿಂದ ಬರುವ ಲ್ಯಾನ್ ವೈರ್ ಇನ್ನೊಂದು. ಟಿವಿಯ ಸೆಟ್‌ಟಾಪ್ ಬಾಕ್ಸ್‌ಗೆ ಲ್ಯಾನ್ ಕೊಟ್ಟಿದ್ದರೆ ಮಾಡಿನ ಮೇಲಿನ ಡಿಶ್‌ನಿಂದಲೂ ದಾರಿ ಇದೆ, ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಇವೆಲ್ಲವನ್ನೂ ಎಳೆದು ತೆಗೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಅದರೊಳಗಿನ ಸಂದು ಕೆಲವೇ ಮಿಲಿಮೀಟರ್, ನ್ಯೂಟ್ರಲ್ ಹೇಗೂ ಹಾಗೇ ಇರುತ್ತದೆ. ಇನ್ವರ್ಟರ್ ಇದೆ ಅಂತ ಧೈರ್ಯ ಬೇಡ. ಕರೆಂಟು ಇರುವಾಗ ಮನೆಗಳ ಸಾಮಾನ್ಯ ಇನ್ವರ್ಟರ್ ಅದನ್ನು ಹಾಗೇ ದಾಟಿಸುತ್ತದೆ.

ನಾನು ಎಲ್ಲರಿಗೂ ಹೇಳುವುದು 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿ ಅಂತ. ಗುಡುಗು ಶುರುವಾಗುವ ಮೊದಲೇ ಅದರ ಪ್ಲಗ್ ಕಿತ್ತು, ಲ್ಯಾನ್ ವೈರ್ ತೆಗೆದರೆ ಮೋಡೆಮ್ ಬ್ಯಾಟರಿಯಲ್ಲೇ ನಡೆಯುತ್ತದೆ. ಬರುವುದು ಬರೀ ಗಾಜಿನ ಎಳೆ. ವೈಫೈ ಕೂಡ ಇರುತ್ತದೆ. ಆ ಕೇಬಲ್‌ನ ಉಕ್ಕಿನ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಗೇ ಮುಗಿಸಿರಬೇಕು, ಒಳಗೆ ತರಬಾರದು. ರಿಪೇರಿಗೆ ಬಂದವರ ಕೈಯಲ್ಲೇ ಇದನ್ನು ಮಾಡಿಸಿಕೊಳ್ಳಿ. ಅಂಗಳಕ್ಕೂ ತಾಮ್ರದ ಬದಲು ಲೋಹದ ತಂತಿ ಇಲ್ಲದ ಫೈಬರ್ ಎಳೆದು, ಎರಡು ತುದಿಗೂ ಫೈಬರ್‌ನ ಬೆಳಕನ್ನು ಲ್ಯಾನ್‌ಗೆ, ಲ್ಯಾನನ್ನು ಬೆಳಕಿಗೆ ಬದಲಿಸುವ ಡಬ್ಬಿ (ಮೀಡಿಯಾ ಕನ್ವರ್ಟರ್) ಹಾಕಿದರೆ ಈ ಗೋಳೇ ಇರುವುದಿಲ್ಲ.

ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಬೇಡ ಅನ್ನುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಮೇನ್ ಬೋರ್ಡ್‌ನಲ್ಲೇ ಹಾಕಿಸಿ. ಆದರೆ ಅರ್ಥಿಂಗ್ ಸರಿ ಇಲ್ಲದೆ ಅದರಿಂದ ಪ್ರಯೋಜನ ಕಡಿಮೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ, ಆಗ ಗುಂಡಿಗೆ ನೀರು ಹಾಕುತ್ತಿರಿ. ಮನೆಗೇ ನೇರ ಬಡಿಯುವ ಸಿಡಿಲಿಗೆ ಇವು ಯಾವುದೂ ಸಾಟಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಪುನರ್ವಸು, ಪುಷ್ಯದಲ್ಲಿ ಆಗುಂಬೆ ಕಡೆ ಎಷ್ಟೇ ಸುರಿದರೂ ಗುಡುಗು ಕಡಿಮೆ. ಕಾಟ ಇರುವುದು ಭರಣಿ, ಕೃತ್ತಿಕೆಯಲ್ಲಿ, ಮತ್ತೆ ಈಗ ಚಿತ್ತೆ, ಸ್ವಾತಿಯಲ್ಲಿ. ಈ ದಿನಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ದಾಮಿನಿ ಆಪ್ ಒಮ್ಮೆ ನೋಡಿ, ಸುತ್ತಲಿನ ಸಿಡಿಲು ಅದರಲ್ಲಿ ಕಾಣುತ್ತದೆ. ಮಿಂಚಿ 30 ಸೆಕೆಂಡ್ ಒಳಗೆ ಗುಡುಗಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೆ ಬಂದಿದೆ. ಆಗ ವೈರ್ ಕೀಳಲು ಹೋಗಬೇಡಿ ಮಾರಾಯ್ರೆ, ಮೋಡೆಮ್ ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಮತ್ತೆ ಜೋಡಿಸಿ.

ಪಕ್ಕದ ಮನೆಯಲ್ಲಿ ಲೈಟ್ ಹೇಗಿದೆ, ಡಿವಿಆರ್ ಬೇರೆ ಪೋರ್ಟ್‌ನಲ್ಲಿ ಹತ್ತಿತಾ ಅಂತ ನೋಡಿ ಇಲ್ಲೇ ಬರೆಯಿರಿ. ಲ್ಯಾನ್ ಪಿನ್‌ನ ಫೋಟೋ ಹತ್ತಿರದಿಂದ ತೆಗೆದು ಹಾಕಿ. ನೋಡಿ ಹೇಳುತ್ತೇನೆ.